ಎಲೆಯ ಲೆಕ್ಕ ಬೇರೆ, ಅಂಟಿನ ಲೆಕ್ಕ ಬೇರೆ

ಬೆಂಗಳೂರಿನಲ್ಲಿ ಹ್ಯಾಶ್ ಆಯಿಲ್ ಸಿಕ್ಕಿತು ಅಂತ ಸುದ್ದಿ ಬರುತ್ತೆ. ಪರದೆಯ ಕೆಳಗೆ ಕೆಂಪು ಪಟ್ಟಿ ಓಡುತ್ತೆ. ಹಿಂದೆ ತೋರಿಸುವ ಚಿತ್ರ ಯಾವುದು ಗೊತ್ತಾ? ಹಸ್ತದ ಹಾಗೆ ಬೆರಳು ಬಿಚ್ಚಿದ ಒಂದು ಹಸಿರು ಎಲೆ. ಯಾವ ಚಾನೆಲ್ ಹಾಕಿದರೂ ಅದೇ ಎಲೆ. ಸಿಕ್ಕಿದ್ದು ಮಾತ್ರ ಎಲೆಯಲ್ಲ. ಡಾಂಬರಿನ ಹಾಗೆ ಕಪ್ಪಗೆ, ಜೇನಿನ ಹಾಗೆ ಮಂದವಾಗಿ, ಪುಟ್ಟ ಡಬ್ಬಿಯಲ್ಲಿ ಕೂತಿರುವ ಎಣ್ಣೆ. ಆ ಎಲೆಗೂ ಈ ಎಣ್ಣೆಗೂ ಇರುವ ದೂರವನ್ನು ಯಾರೂ ಹೇಳುವುದಿಲ್ಲ. "ಎಲ್ಲ ಡ್ರಗ್ಸೇ ಅಲ್ವಾ ಸಾರ್" ಅಂತ ಮುಗಿಸಿಬಿಡುತ್ತಾರೆ.

ಮಂಡ್ಯದ ಕಡೆಯವರಿಗೆ ಒಂದು ಮಾತು ಕೇಳುತ್ತೇನೆ. ಗಾಣದ ಹತ್ತಿರ ನಿಂತು ಕಬ್ಬಿನ ಹಾಲು ಕುಡಿದವನೂ, ಆಲೆಮನೆಯಲ್ಲಿ ಬಿಸಿ ಬೆಲ್ಲ ನೆಕ್ಕಿದವನೂ, ಸಕ್ಕರೆ ಕಾರ್ಖಾನೆಯ ಮೊಲಾಸಸ್‌ನಿಂದ ತೆಗೆದ ಸ್ಪಿರಿಟ್ ಕುಡಿದವನೂ ಒಂದೇ ಕೆಲಸ ಮಾಡಿದರು ಅಂದರೆ ಒಪ್ಪುತ್ತೀರಾ? ಮೂರೂ ಬಂದದ್ದು ಕಬ್ಬಿನಿಂದಲೇ. ಆದರೆ ನೀವು ನಗುತ್ತೀರಿ. ಗಾಂಜಾ ಗಿಡದ ವಿಷಯದಲ್ಲಿ ಮಾತ್ರ ನಮಗೆ ನಗು ಬರುವುದಿಲ್ಲ, ಏಕೆಂದರೆ ನಾವು ಆ ವ್ಯತ್ಯಾಸವನ್ನೇ ಮರೆತಿದ್ದೇವೆ. ನಮ್ಮ ಹಿರಿಯರು ಮರೆತಿರಲಿಲ್ಲ. ಎಲೆಗೆ ಒಂದು ಹೆಸರು, ಹೂವಿನ ತೆನೆಗೆ ಇನ್ನೊಂದು, ಅಂಟಿಗೆ ಮತ್ತೊಂದು. ಭಂಗಿ, ಗಾಂಜಾ, ಚರಸ್. ಹೆಸರು ಮೂರು ಯಾಕೆಂದರೆ ವಸ್ತು ಮೂರು.

ಗಿಡದ ವಿಷಯ ಮೊದಲು ಸ್ವಲ್ಪ ತಿಳಿದುಕೊಳ್ಳೋಣ. ಗಾಂಜಾ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಮತ್ತು ಬರಿಸುವ ಅಂಶ ಹೆಚ್ಚಾಗಿ ಇರುವುದು ಹೆಣ್ಣು ಗಿಡದ ಹೂವಿನಲ್ಲಿ. ಅದೂ ಇಡೀ ಹೂವಿನಲ್ಲಲ್ಲ, ಹೂವಿನ ಮೇಲೆ ಮತ್ತು ಅದನ್ನು ಸುತ್ತಿದ ಸಣ್ಣ ಎಲೆಗಳ ಮೇಲೆ ಕೂದಲಿನಂತೆ ಎದ್ದು ನಿಂತ ಸೂಕ್ಷ್ಮ ಗ್ರಂಥಿಗಳಲ್ಲಿ. ಅವುಗಳ ತುದಿಯಲ್ಲಿ ಅಂಟು ಅಂಟಾದ ರಾಳ. ಉಳಿದದ್ದೆಲ್ಲ ಬರೀ ಸೊಪ್ಪು, ನಾರು, ಕಡ್ಡಿ. ಹಾಗಾಗಿ ಮನುಷ್ಯ ಸಾವಿರಾರು ವರ್ಷಗಳಿಂದ ಈ ಗಿಡದ ಜೊತೆ ಆಡಿದ ಆಟ ಒಂದೇ: ಸೊಪ್ಪನ್ನು ಬಿಟ್ಟು ಅಂಟನ್ನು ಮಾತ್ರ ಹೇಗೆ ತೆಗೆಯುವುದು? ಆ ಆಟದಲ್ಲಿ ಎಷ್ಟೆಷ್ಟು ಮುಂದೆ ಹೋದನೋ ಅಷ್ಟಷ್ಟು ಅಮಲು ಏರಿತು.

ಮೊದಲ ದಾರಿ, ಕೈ. ಹಿಮಾಲಯದ ತಪ್ಪಲಿನಲ್ಲಿ, ಕುಮಾವೂಂ, ನೇಪಾಳ, ಕುಲು ಕಣಿವೆಯಲ್ಲಿ, ನಿಂತ ಗಿಡದ ಹೂವನ್ನು ಅಂಗೈಗಳ ನಡುವೆ ಉಜ್ಜುತ್ತಾರೆ. ಅಂಗೈಗೆ ಕಪ್ಪಗೆ ಅಂಟು ಹತ್ತುತ್ತೆ. ಅದನ್ನು ಕೆರೆದು ಉಂಡೆ ಮಾಡಿದರೆ ಚರಸ್. ಹಿಮಾಚಲದ ಮಲಾಣಾ ಅನ್ನುವ ಹಳ್ಳಿ ಇವತ್ತು ಜಗತ್ತಿಗೆ ಗೊತ್ತಿರುವುದು ಇದರಿಂದ. ಜಮ್ಲು ದೇವತೆಯ ಊರು, ತನ್ನದೇ ಭಾಷೆ, ತನ್ನದೇ ನ್ಯಾಯ ಪಂಚಾಯ್ತಿ ಇರುವ ಊರು. ಅದರ ಹೆಸರು ವಿದೇಶಿ ಹುಡುಗರ ಬಾಯಲ್ಲಿ ಒಂದು ಸರಕಿನ ಹೆಸರಾಗಿದೆ. ದಿನವಿಡೀ ಉಜ್ಜಿದರೂ ಒಬ್ಬರಿಗೆ ಸಿಗುವುದು ಕೆಲವೇ ಗ್ರಾಂ. ಅಲ್ಲಿ ತೂಕ ಇವತ್ತಿಗೂ ತೊಲದಲ್ಲೇ. ಚಿನ್ನದ ತೂಕ.

ಎರಡನೇ ದಾರಿ, ಜರಡಿ. ಇದು ಮಧ್ಯ ಏಷ್ಯಾದ್ದು. ಒಣ ಹವೆಯ ನಾಡು, ಕೈಗೆ ಅಂಟುವ ಬದಲು ರಾಳ ಒಣಗಿ ಪುಡಿಯಾಗುತ್ತೆ. ಗಿಡ ಒಣಗಿಸಿ, ಹೂವಿನ ತುದಿಯನ್ನು ಬಡಿದು, ಜರಡಿ ಹಿಡಿದು, ಉದುರಿದ ಪುಡಿಯನ್ನು ಒತ್ತಿ, ಚರ್ಮದ ಚೀಲಕ್ಕೆ ತುಂಬುತ್ತಿದ್ದರು. ಈ ಚೀಲಗಳು ಬರುತ್ತಿದ್ದದ್ದು ಯಾರ್ಕಂದ್‌ನಿಂದ. ಇವತ್ತಿನ ಚೀನಾದ ಶಿಂಜಿಯಾಂಗ್. ಕುದುರೆ, ಯಾಕ್‌ಗಳ ಬೆನ್ನ ಮೇಲೆ, 18 ಸಾವಿರ ಅಡಿಗೂ ಎತ್ತರದ ಕಾರಕೋರಂ ಕಣಿವೆ ದಾಟಿ ಲೇಹ್‌ಗೆ, ಲೇಹ್‌ನಿಂದ ಪಂಜಾಬಿನ ಹೋಶಿಯಾರ್‌ಪುರ, ಅಮೃತಸರಕ್ಕೆ. ಕಳ್ಳಸಾಗಣೆ ಅಂದುಕೊಳ್ಳಬೇಡಿ! ಪೂರ್ತಿ ಕಾನೂನುಬದ್ಧ ವ್ಯಾಪಾರ. ಲೇಹ್‌ನಲ್ಲಿ ಬ್ರಿಟಿಷರ ಕಮಿಷನರ್ ಒಬ್ಬ ಈ ಮಾರ್ಗದ ವ್ಯಾಪಾರ ನೋಡಿಕೊಳ್ಳಲೆಂದೇ ಇದ್ದ. ಹೋಶಿಯಾರ್‌ಪುರದ ಲಾಲಾಗಳು ಯಾರ್ಕಂದ್‌ನಲ್ಲೇ ಮಳಿಗೆ ಇಟ್ಟಿದ್ದರು. ಅತ್ತ ಹತ್ತಿ ಬಟ್ಟೆ ಹೋಗುತ್ತಿತ್ತು, ಇತ್ತ ಚರಸ್ ಬರುತ್ತಿತ್ತು, ಮಧ್ಯೆ ಸರ್ಕಾರ ಸುಂಕ ಎಣಿಸುತ್ತಿತ್ತು. 1930ರ ದಶಕದಲ್ಲಿ ಆ ಕಡೆಯ ಆಡಳಿತ ಬಾಗಿಲು ಹಾಕುವವರೆಗೂ ಇದು ನಡೆಯಿತು. ಇವತ್ತು ಲಡಾಖ್ ಗಡಿ ಅಂದರೆ ನಮಗೆ ಗಾಲ್ವಾನ್ ನೆನಪಾಗುತ್ತೆ. ನೂರು ವರ್ಷದ ಹಿಂದೆ ಆ ಗಡಿಯಲ್ಲಿ ಓಡಾಡಿದ್ದು ಸೈನಿಕರಿಗಿಂತ ಹೆಚ್ಚಾಗಿ ಇಂಥ ಮೂಟೆಗಳು.

ಮೂರನೇ ದಾರಿ ಇದೆಯಲ್ಲ, ಅದು ಬಾಟಲಿಯ ದಾರಿ. ಕತೆಯ ತಿರುವು ಅಲ್ಲಿದೆ.

ವಿಲಿಯಂ ಬ್ರೂಕ್ ಓ'ಶಾನೆಸಿ ಅಂತ ಒಬ್ಬ ಐರಿಶ್ ವೈದ್ಯ. 1833ರಲ್ಲಿ ಭಾರತಕ್ಕೆ ಬಂದ, ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ. ಈ ಹೆಸರು ನಿಮಗೆ ಬೇರೆ ಕಡೆ ಕೇಳಿದ ಹಾಗೆ ಅನ್ನಿಸಬಹುದು. ಹೌದು, ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆದವನು ಇವನೇ. 1850ರ ದಶಕದಲ್ಲಿ ಸಾವಿರಾರು ಮೈಲಿ ತಂತಿ ಎಳೆಸಿ ಅದಕ್ಕೇ ಸರ್ ಪದವಿ ಗಿಟ್ಟಿಸಿದ. ಆದರೆ ತಂತಿಗಿಂತ ಮೊದಲು ಅವನ ತಲೆ ಹೊಕ್ಕಿದ್ದು ಗಾಂಜಾ. ಬಜಾರಿನಲ್ಲಿ ಸಿಗುವ ಈ ವಸ್ತುವನ್ನು ಇಲ್ಲಿನ ವೈದ್ಯರು, ಹಕೀಮರು ಬಳಸುವುದನ್ನು ನೋಡಿ, ಅವರ ಗ್ರಂಥಗಳನ್ನು ಓದಿಸಿ ಕೇಳಿ, ಗಿಡವನ್ನು ಮದ್ಯಸಾರದಲ್ಲಿ ಹಾಕಿ ಅಂಟನ್ನು ಬೇರ್ಪಡಿಸಿದ. 1839ರಲ್ಲಿ ಪ್ರಬಂಧ ಓದಿದ. ಚರಸ್ ಸಂಗ್ರಹಿಸುವ ಬಗ್ಗೆ ಅದರಲ್ಲಿ ಒಂದು ವಿಚಿತ್ರ ವಿವರಣೆ ಇದೆ: ಚರ್ಮದ ಉಡುಪು ತೊಟ್ಟ ಆಳುಗಳು ಗಾಂಜಾ ಹೊಲದಲ್ಲಿ ಮೈ ಉಜ್ಜಿಕೊಂಡು ಓಡುತ್ತಾರೆ, ಆಮೇಲೆ ಉಡುಪಿಗೆ ಅಂಟಿದ್ದನ್ನು ಕೆರೆದು ತೆಗೆಯುತ್ತಾರೆ. ನೇಪಾಳದಲ್ಲಾದರೆ ಚರ್ಮವೂ ಇಲ್ಲ, ಬರೀ ಮೈಯಲ್ಲೇ ಓಡುತ್ತಾರೆ. ಇದನ್ನು ಆಮೇಲೆ ಬಂದವರೆಲ್ಲ ನಕಲು ಹೊಡೆದರು. ಚಿತ್ರವತ್ತಾದ ಮಾತು, ಯಾರು ಬಿಡುತ್ತಾರೆ ಹೇಳಿ.

ಮುಖ್ಯ ವಿಷಯ ಅದಲ್ಲ. ಅವನು ಮಾಡಿದ ಪ್ರಯೋಗ. ಮೊದಲು ನಾಯಿಗೆ ಕೊಟ್ಟ, ಇತರ ಪ್ರಾಣಿಗಳಿಗೆ ಕೊಟ್ಟ. ಮಾಂಸಾಹಾರಿ ಪ್ರಾಣಿಗಳಿಗೆ ಅಮಲು ಏರಿತು, ಹುಲ್ಲು ತಿನ್ನುವವಕ್ಕೆ ಹೆಚ್ಚೇನೂ ಆಗಲಿಲ್ಲ. ಆಮೇಲೆ ಸಂಧಿವಾತದ ರೋಗಿಗಳು ಮೂರು ಜನ. ಮೂವರಿಗೂ ಸಮಪ್ರಮಾಣದ ರಾಳ. ಒಬ್ಬ ಬಾಯ್ತುಂಬ ಮಾತಾಡಿದ, ಹಾಡಿದ, ಹೊಟ್ಟೆ ತುಂಬ ತಿಂದ, ಕೊನೆಗೆ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲುವಂಥ ಸ್ಥಿತಿಗೆ ಹೋದ. ಇನ್ನೊಬ್ಬನಿಗೆ ಏನೂ ಆಗಲಿಲ್ಲ. ವಿಚಾರಿಸಿದರೆ ಆ ಮಹಾಶಯನಿಗೆ ಮೊದಲೇ ಚಿಲುಮೆ ಸೇದುವ ಅಭ್ಯಾಸ! ಅದೇ ವಸ್ತು, ಅದೇ ತೂಕ, ಪರಿಣಾಮ ಮಾತ್ರ ಆಕಾಶ ಭೂಮಿಯಷ್ಟು ಬೇರೆ. 1839ರಲ್ಲೇ ಒಬ್ಬ ವೈದ್ಯನಿಗೆ ಕಂಡ ಈ ಸಂಗತಿಯನ್ನು ನೆನಪಿಡಿ. ತೂಕದ ಮಾತು ಮುಂದೆ ಬರುತ್ತೆ.

ಓ'ಶಾನೆಸಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಸರಕನ್ನೂ ಒಯ್ದ. ಲಂಡನ್ನಿನ ಔಷಧ ವ್ಯಾಪಾರಿ ಪೀಟರ್ ಸ್ಕ್ವಾಯರ್ ಅದರಿಂದ ಸಾರ ತಯಾರಿಸಿ ಬಾಟಲಿಗೆ ತುಂಬಿದ. ಇಲ್ಲಿಂದ ಗಾಂಜಾ ಸಾರ ಯುರೋಪಿನ, ಅಮೆರಿಕದ ಔಷಧ ಅಂಗಡಿಯ ಕಪಾಟು ಹತ್ತಿತು. ನೋವಿಗೆ, ಸೆಳವಿಗೆ, ನಿದ್ದೆಗೆ. ವಿಕ್ಟೋರಿಯಾ ರಾಣಿಯೇ ಮುಟ್ಟಿನ ನೋವಿಗೆ ಇದನ್ನು ತೆಗೆದುಕೊಳ್ಳುತ್ತಿದ್ದಳು ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತೆ. ಅದಕ್ಕೆ ದಾಖಲೆ ಇಲ್ಲ. ಇರುವುದು ಇಷ್ಟು: ಅವಳ ಆಸ್ಥಾನ ವೈದ್ಯ ರಸೆಲ್ ರೆನಾಲ್ಡ್ಸ್ 1890ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಔಷಧವನ್ನು ಹೊಗಳಿ ಬರೆದ. ಹೊಗಳುತ್ತಲೇ ಎಚ್ಚರಿಕೆಯನ್ನೂ ಕೊಟ್ಟ. ತೀರಾ ಕಡಿಮೆಯಿಂದ ಶುರು ಮಾಡಿ, ನಿಧಾನವಾಗಿ ಏರಿಸಿ, ಒಂದು ಬಾಟಲಿಯ ಹಾಗೆ ಇನ್ನೊಂದು ಬಾಟಲಿ ಇರುವುದಿಲ್ಲ ಅನ್ನುವ ಎಚ್ಚರಿಕೆ. ಆ ಔಷಧ ಸೋತದ್ದು ಇಲ್ಲೇ. ಒಂದು ಬ್ಯಾಚ್‌ನಲ್ಲಿ ರೋಗಿಗೆ ಏನೂ ಆಗದು, ಇನ್ನೊಂದರಲ್ಲಿ ರೋಗಿ ಹೆದರಿ ಕಂಗಾಲು. ಒಳಗೆ ಎಷ್ಟು ಸತ್ವ ಇದೆ ಅಂತ ಅಳೆಯುವ ವಿದ್ಯೆ ಯಾರಿಗೂ ಇರಲಿಲ್ಲ. ಅಫೀಮಿನಿಂದ ಮಾರ್ಫಿನ್ ತೆಗೆದು ಮಿಲಿಗ್ರಾಂ ಲೆಕ್ಕದಲ್ಲಿ ಚುಚ್ಚುವ ಕಾಲ ಬಂದಿತ್ತು. ಗಾಂಜಾ ರಾಳ ನೀರಿನಲ್ಲಿ ಕರಗುವುದಿಲ್ಲ, ಸೂಜಿಗೆ ಹತ್ತುವುದಿಲ್ಲ. ಹಿಂದೆ ಬಿತ್ತು.

ಇತ್ತ ಭಾರತದಲ್ಲಿ ಏನಾಗುತ್ತಿತ್ತು? ಬಂಗಾಳದಲ್ಲಿ ರಾಜಶಾಹಿ ಸೀಮೆಯ ನವಗಾಂವ್ ಸುತ್ತ ಸರ್ಕಾರದ ಪರವಾನಗಿಯಲ್ಲಿ ಗಾಂಜಾ ಬೆಳೆ. ಈಗ ಅದು ಬಾಂಗ್ಲಾದೇಶ. ಅಲ್ಲಿ 'ಗಾಂಜಾ ಡಾಕ್ಟರ್' ಅಂತಲೇ ಒಬ್ಬ ಕಸುಬುದಾರ ಇರುತ್ತಿದ್ದ. ಅವನ ಕೆಲಸ ಹೊಲದೊಳಗೆ ನಡೆಯುತ್ತಾ ಗಂಡು ಗಿಡ ಗುರುತಿಸಿ ಮುರಿದು ಹಾಕುವುದು. ಹೆಣ್ಣು ಬೀಜ ಕಟ್ಟದಿದ್ದರೆ ರಾಳ ಹೆಚ್ಚು. ತುಳಿದು ಚಪ್ಪಟೆ ಮಾಡಿದ ಗಾಂಜಾ ಒಂದು ದರ್ಜೆ, ಉರುಟಾಗಿ ಹೊಸೆದದ್ದು ಇನ್ನೊಂದು, ಕಡ್ಡಿ ತೆಗೆದ ಚೂರು ಮತ್ತೊಂದು. ಕಡ್ಡಿ ಕಡಿಮೆ ಆದಷ್ಟೂ ಸೇರಿಗೆ ಸುಂಕ ಹೆಚ್ಚು. ಬ್ರಿಟಿಷರಿಗೆ ಜನರ ಆರೋಗ್ಯದ ಚಿಂತೆ ಎಷ್ಟಿತ್ತೋ ಬಿಡಿ, ಬೊಕ್ಕಸದ ಚಿಂತೆ ಇತ್ತು. ಆದರೆ ಆ ಬೊಕ್ಕಸದ ದೆಸೆಯಿಂದಲೇ ಅವರು ಒಂದು ಸರಿಯಾದ ಪ್ರಶ್ನೆ ಕೇಳುತ್ತಿದ್ದರು: ಈ ಮೂಟೆಯಲ್ಲಿ ಸತ್ವ ಎಷ್ಟು, ಕಡ್ಡಿ ಎಷ್ಟು?

1893ರ ಮಾರ್ಚ್ 2. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ವಿಲಿಯಂ ಕೇನ್ ಎಂಬ ಸದಸ್ಯ ಎದ್ದು ನಿಂತ. ಮದ್ಯಪಾನ ವಿರೋಧಿ. ಗಾಂಜಾದ ಬಗ್ಗೆ ವಿಚಾರಣೆ ಆಗಲಿ ಎಂಬ ಒತ್ತಾಯ. ಆಯೋಗ ನೇಮಕವಾಯಿತು. ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್. ಅಧ್ಯಕ್ಷ ಮ್ಯಾಕ್‌ವರ್ತ್ ಯಂಗ್. ಸದಸ್ಯರಲ್ಲಿ ಮೂವರು ಭಾರತೀಯರು: ರಾಜಾ ಶಶಿಶೇಖರೇಶ್ವರ ರಾಯ್, ಕನ್ವರ್ ಹರ್ನಾಮ್ ಸಿಂಗ್, ಲಾಲಾ ನಿಹಾಲ್ ಚಂದ್. 1,193 ಸಾಕ್ಷಿಗಳು. ಕಲೆಕ್ಟರುಗಳು, ಸಿವಿಲ್ ಸರ್ಜನ್ನರು, ಪಾದ್ರಿಗಳು, ರೈತರು, ಅಂಗಡಿಯವರು, ಸಾಧುಗಳು, ಎಲ್ಲರ ಹೇಳಿಕೆ. 1894ರಲ್ಲಿ ಸಾವಿರಾರು ಪುಟಗಳ ವರದಿ ಬಂತು.

ಈ ವರದಿಯ ಹೆಸರು ಎತ್ತುವವರು ಸಾಮಾನ್ಯವಾಗಿ ಒಂದೇ ಸಾಲು ಹೇಳುತ್ತಾರೆ: ಮಿತವಾಗಿ ಬಳಸಿದರೆ ತೊಂದರೆಯಿಲ್ಲ ಅಂತ ಬ್ರಿಟಿಷರೇ ಹೇಳಿದ್ದಾರೆ ಅಂತ. ಹೇಳಿದ್ದು ನಿಜ. ಅತಿಯಾದರೆ ಹಾನಿ ಅಂತಲೂ ಹೇಳಿದ್ದಾರೆ, ಆ ಭಾಗ ಇವರಿಗೆ ನೆನಪಿರುವುದಿಲ್ಲ. ಎಲ್ಲ ಸದಸ್ಯರೂ ಒಂದೇ ಮಾತಿಗೆ ತಲೆಯಾಡಿಸಲಿಲ್ಲ, ರಾಯ್ ಮತ್ತು ನಿಹಾಲ್ ಚಂದ್ ಭಿನ್ನಮತ ಬರೆದರು, ಅದೂ ನೆನಪಿರುವುದಿಲ್ಲ. ನನಗೆ ಆ ವರದಿಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಹುಚ್ಚಾಸ್ಪತ್ರೆಯ ಅಧ್ಯಾಯ.

ಆಸ್ಪತ್ರೆಗಳ ಪುಸ್ತಕದಲ್ಲಿ ರೋಗಿಯ ಹೆಸರಿನ ಮುಂದೆ 'ಕಾರಣ' ಅಂತ ಒಂದು ಕಾಲಂ. ಸಾಲು ಸಾಲಾಗಿ 'ಗಾಂಜಾ'. ಆಯೋಗ ಕೇಳಿತು: ಇದನ್ನು ಬರೆದವರು ಯಾರು? ವೈದ್ಯರೇ? ಅಲ್ಲ. ಬೀದಿಯಲ್ಲಿ ಅಲೆಯುತ್ತಿದ್ದವನನ್ನು ಪೊಲೀಸರು ಹಿಡಿಯುತ್ತಾರೆ. ಮ್ಯಾಜಿಸ್ಟ್ರೇಟರ ಮುಂದೆ ಹೋಗುವಾಗ ಒಂದು ಫಾರಂ ತುಂಬಬೇಕು. ಕಾರಣದ ಕಾಲಂ ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಅವನು ಎಂದಾದರೂ ಚಿಲುಮೆ ಸೇದಿದ್ದನ್ನು ಯಾರಾದರೂ ನೋಡಿದ್ದಾರಾ? ಸರಿ, 'ಗಾಂಜಾ' ಬರೆ. ಆಸ್ಪತ್ರೆಯವರು ಅದನ್ನೇ ತಮ್ಮ ಪುಸ್ತಕಕ್ಕೆ ಇಳಿಸಿಕೊಂಡರು, ಆ ಪುಸ್ತಕದಿಂದ ವಾರ್ಷಿಕ ವರದಿ ಆಯಿತು, ವರದಿ ಲಂಡನ್ನಿಗೆ ಹೋಯಿತು, ಅಲ್ಲಿ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು. ಎಂಥ ಸರಪಳಿ ನೋಡಿ!

ಆಯೋಗ 1892ನೇ ವರ್ಷ ಒಂದನ್ನು ಹಿಡಿದು ಒಂದೊಂದೇ ಪ್ರಕರಣವನ್ನು ಮರುತನಿಖೆ ಮಾಡಿಸಿತು. ಆ ವರ್ಷ ಸೇರಿದ್ದವರು 1,344 ಜನ. ಗಾಂಜಾ ಕಾರಣ ಅಂತ ಬರೆದಿದ್ದದ್ದು 222. ಮನೆಯವರನ್ನು, ಊರವರನ್ನು ವಿಚಾರಿಸಿ, ಹಳೇ ಕಡತ ತೆಗೆದು ನೋಡಿದ ಮೇಲೆ ಉಳಿದದ್ದು 98. ಅದರಲ್ಲೂ ಬರೀ ಗಾಂಜಾದಿಂದಲೇ ಅನ್ನಬಹುದಾದದ್ದು 61, ಉಳಿದ 37ರಲ್ಲಿ ಬೇರೆ ಕಾರಣವೂ ಬೆರೆತಿತ್ತು. ಎರಡು ವಿಷಯ ಗಮನಿಸಿ. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳು ಬರೀ ಕಾಲಂ ತುಂಬಿಸಿದ ಪ್ರಕರಣಗಳು. ಹಾಗೆಯೇ, 61 ಅನ್ನುವುದು ಸೊನ್ನೆ ಅಲ್ಲ. ಗಾಂಜಾ ಅಮಾಯಕ ಅನ್ನುವವರೂ ಈ ಸಂಖ್ಯೆ ಓದಬೇಕು, ಗಾಂಜಾ ಸೇದಿದವರೆಲ್ಲ ಹುಚ್ಚರಾಗುತ್ತಾರೆ ಅನ್ನುವವರೂ ಓದಬೇಕು. ಆಯೋಗದ ಸಲಹೆ ನಿಷೇಧ ಅಲ್ಲ. ಪರವಾನಗಿ ಇಲ್ಲದೆ ಬೆಳೆಯುವಂತಿಲ್ಲ, ಅಂಗಡಿ ಕಡಿಮೆ ಮಾಡಿ, ಒಬ್ಬನ ಬಳಿ ಇರಬಹುದಾದ ಪ್ರಮಾಣಕ್ಕೆ ಮಿತಿ ಹಾಕಿ, ತೆರಿಗೆ ಹೆಚ್ಚಿಸಿ. ಭಂಗಿಯನ್ನೂ ಚರಸನ್ನೂ ಒಂದೇ ತಕ್ಕಡಿಗೆ ಹಾಕಲಿಲ್ಲ.

ಎರಡು ವರ್ಷ ಕಳೆದು, 1896ರಲ್ಲಿ, ಕೇಂಬ್ರಿಡ್ಜಿನಲ್ಲಿ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಅನ್ನುವ ಮೂವರು ರಸಾಯನಶಾಸ್ತ್ರಜ್ಞರು ಭಾರತದ ಚರಸ್ ತೆಗೆದುಕೊಂಡು ಅದರಲ್ಲಿರುವ ಅಂಶಗಳನ್ನು ಬಿಡಿಸಲು ಕೂತರು. ಕೆಂಪು ಎಣ್ಣೆಯ ತನಕ ಬಂದರು. ನಿಜವಾದ ಅಮಲಿನ ಅಣು ಸಿಗಲು 1964 ಆಗಬೇಕಾಯಿತು. ಇಸ್ರೇಲಿನ ರಾಫೆಲ್ ಮೆಖೂಲಮ್ ಮತ್ತು ಯಹೀಲ್ ಗಾವೋನಿ. ಸಂಶೋಧನೆಗೆ ಹಶೀಶ್ ಬೇಕು, ಎಲ್ಲಿಂದ ತರುವುದು? ಪೊಲೀಸರು ವಶಪಡಿಸಿಕೊಂಡಿದ್ದ ಲೆಬನಾನಿನ 5 ಕಿಲೋ ಮಾಲು ಪಡೆದು, ಮೆಖೂಲಮ್ ಅದನ್ನು ಚೀಲದಲ್ಲಿ ಹಾಕಿಕೊಂಡು ಸಾರ್ವಜನಿಕ ಬಸ್ಸಿನಲ್ಲೇ ಪ್ರಯೋಗಾಲಯಕ್ಕೆ ತಂದರಂತೆ. ಸಹಪ್ರಯಾಣಿಕರು ಇದೇನು ವಾಸನೆ ಅಂತ ಮೂಗು ಎಳೆದರಂತೆ. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಕತೆಯನ್ನು ಸಂತೋಷದಿಂದ ಹೇಳುತ್ತಿದ್ದರು. ಆ 5 ಕಿಲೋದಿಂದ ಸಿಕ್ಕಿದ ಅಣುವಿನ ಹೆಸರು ಟಿಎಚ್‌ಸಿ. ಓ'ಶಾನೆಸಿಗೆ, ರೆನಾಲ್ಡ್ಸ್‌ಗೆ ಇಲ್ಲದಿದ್ದ ಅಳತೆಗೋಲು ಕೊನೆಗೂ ಸಿಕ್ಕಿತು. ಇನ್ನು ಮೇಲೆ ಯಾವ ಸರಕಿನಲ್ಲಿ ಸತ್ವ ಶೇಕಡಾ ಎಷ್ಟು ಅಂತ ಹೇಳಬಹುದು.

ವಿಜ್ಞಾನಕ್ಕೆ ಅಳತೆ ಸಿಕ್ಕಿದ ಹೊತ್ತಿಗೆ ಕಾನೂನು ಅಳೆಯುವುದನ್ನು ಬಿಟ್ಟಿತ್ತು, ಇದೇ ತಮಾಷೆ. 1925ರಲ್ಲಿ ಜಿನೀವಾದಲ್ಲಿ ಅಫೀಮು ಸಮ್ಮೇಳನ. ಈಜಿಪ್ಟಿನ ಪ್ರತಿನಿಧಿ ಎಲ್ ಗಿಂದಿ ಎದ್ದು ಹಶೀಶನ್ನೂ ಪಟ್ಟಿಗೆ ಸೇರಿಸಿ ಅಂದರು. ಭಾರತದ ಪ್ರತಿನಿಧಿಗಳಿಗೆ ಇಷ್ಟವಿರಲಿಲ್ಲ. ಆದರೂ ಅಂತರರಾಷ್ಟ್ರೀಯ ಪಟ್ಟಿಗೆ ಅದು ಸೇರಿತು. 1961ರ ಒಪ್ಪಂದದಲ್ಲಿ ಗಾಂಜಾ ಮತ್ತು ಅದರ ರಾಳ ಹೆರಾಯಿನ್ ಪಕ್ಕದಲ್ಲೇ ಕೂತವು. ಸಾಂಪ್ರದಾಯಿಕ ಬಳಕೆ ಇರುವ ದೇಶಗಳಿಗೆ 25 ವರ್ಷ ಗಡುವು. ಎಲೆ, ಬೀಜ ವ್ಯಾಖ್ಯೆಯಿಂದ ಹೊರಗೆ. ನಮ್ಮ ಭಂಗಿ ಬಚಾವಾದದ್ದು ಅಲ್ಲಿ. 1973ರಲ್ಲಿ ನೇಪಾಳ ತನ್ನ ಪರವಾನಗಿ ಅಂಗಡಿಗಳನ್ನು ಮುಚ್ಚಿತು. ಕಠ್ಮಂಡುವಿನ ಬೀದಿಯಲ್ಲಿ ಬೋರ್ಡು ಹಾಕಿ ಮಾರುತ್ತಿದ್ದ ಸರಕು ಒಂದೇ ದಿನಕ್ಕೆ ಕಳ್ಳಮಾಲಾಯಿತು. ನಮ್ಮಲ್ಲಿ ಗಡುವು ಹತ್ತಿರ ಬಂದಾಗ, ರಾಜೀವ್ ಗಾಂಧಿ ಸರ್ಕಾರ 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಂದಿತು. ಆ ವರ್ಷ ನವೆಂಬರ್ 14ರಿಂದ ಜಾರಿ.

ಕಾಯ್ದೆಯ ವ್ಯಾಖ್ಯೆ ಓದಿ ನೋಡಿ. ಗಾಂಜಾ ಅಂದರೆ ಹೂವಿನ ಅಥವಾ ಕಾಯಿಯ ತುದಿ. ಚರಸ್ ಅಂದರೆ ಯಾವುದೇ ರೂಪದಲ್ಲಿ ಬೇರ್ಪಡಿಸಿದ ರಾಳ, ಕಚ್ಚಾ ಆದರೂ ಸರಿ, ಶುದ್ಧೀಕರಿಸಿದ್ದಾದರೂ ಸರಿ, ಹ್ಯಾಶ್ ಆಯಿಲ್ ಆದರೂ ಸರಿ. ಅಂದರೆ ಮಲಾಣಾದ ಹೆಂಗಸು ಅಂಗೈಯಲ್ಲಿ ಉಜ್ಜಿ ತೆಗೆದ ಉಂಡೆಯೂ, ಯಾವುದೋ ಕಾಡಿನಂಚಿನಲ್ಲಿ ಡ್ರಮ್ಮಿನಲ್ಲಿ ರಾಸಾಯನಿಕ ಸುರಿದು ತೆಗೆದ ಎಣ್ಣೆಯೂ ಕಾನೂನಿನ ಕಣ್ಣಿಗೆ ಒಂದೇ. 2001ರ ಅಧಿಸೂಚನೆಯ ಪ್ರಕಾರ ಗಾಂಜಾದಲ್ಲಿ ಸಣ್ಣ ಪ್ರಮಾಣ ಅಂದರೆ 1 ಕಿಲೋ, ವಾಣಿಜ್ಯ ಪ್ರಮಾಣ 20 ಕಿಲೋ. ಚರಸ್‌ನಲ್ಲಿ 100 ಗ್ರಾಂ ಮತ್ತು 1 ಕಿಲೋ. ವಾಣಿಜ್ಯ ಪ್ರಮಾಣ ಆದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸೆರೆವಾಸ. ಗಾಂಜಾಕ್ಕೂ ಚರಸಿಗೂ ನಡುವೆ ಒಂದು ಗೆರೆ ಇದೆ, ಒಪ್ಪೋಣ. ಚರಸಿಗೂ ಎಣ್ಣೆಗೂ ನಡುವೆ ಗೆರೆಯೇ ಇಲ್ಲ.

ಬೇರೆ ಮಾದಕದ ವಿಷಯದಲ್ಲಿ ನ್ಯಾಯಾಲಯ ಒಮ್ಮೆ ಸತ್ವ ಕೇಳಿತ್ತು. 2008ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೆರಾಯಿನ್ ಪ್ರಕರಣ. ಸಿಕ್ಕಿದ್ದು 4 ಕಿಲೋಗೂ ಹೆಚ್ಚು, ಅದರಲ್ಲಿ ನಿಜವಾದ ಹೆರಾಯಿನ್ ಸುಮಾರು 60 ಗ್ರಾಂ. 60 ಗ್ರಾಂ ಲೆಕ್ಕಕ್ಕೇ ಶಿಕ್ಷೆ ಅಂತು ಕೋರ್ಟು. 2009ರಲ್ಲಿ ಸರ್ಕಾರ ಅಧಿಸೂಚನೆ ಹೊರಡಿಸಿ, ಬೆರಕೆ ಸಮೇತ ಇಡೀ ತೂಕ ನೋಡಬೇಕು ಅಂತು. 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸರ್ಕಾರದ ಮಾತನ್ನೇ ಎತ್ತಿಹಿಡಿಯಿತು. ಬೆರಕೆ ಮಾಡಿ ತಪ್ಪಿಸಿಕೊಳ್ಳುವ ದಂಧೆಕೋರರನ್ನು ಬಿಡಬಾರದು ಎಂಬ ವಾದದಲ್ಲಿ ತಿರುಳಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಫಲಿತಾಂಶ ಏನು? ತಕ್ಕಡಿ ಮಾತ್ರ ಉಳಿಯಿತು, ಅಳತೆಗೋಲು ಹೋಯಿತು. ಮಾರುವವನು ಬುದ್ಧಿವಂತ. ತೂಕಕ್ಕೆ ಶಿಕ್ಷೆ ಅಂದರೆ ಅವನು ತೂಕ ಇಳಿಸುತ್ತಾನೆ, ಸತ್ವ ಏರಿಸುತ್ತಾನೆ. ಮೂಟೆ ಹೊರುವ ಬದಲು ಡಬ್ಬಿ ಇಟ್ಟುಕೊಳ್ಳುತ್ತಾನೆ. ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ಲಾರಿಯಲ್ಲಿ ಗಾಂಜಾ ಬರುತ್ತಿದ್ದ ದಾರಿಯಲ್ಲೇ ಈಗ ಬ್ಯಾಗಿನಲ್ಲಿ ಎಣ್ಣೆ ಬರುತ್ತಿದೆ. ವಿಶಾಖಪಟ್ಟಣದ ಏಜೆನ್ಸಿ ಪ್ರದೇಶದಿಂದ ಹೊರಟದ್ದು ಬೆಂಗಳೂರಿನಲ್ಲಿ, ಹೈದರಾಬಾದಿನಲ್ಲಿ ಸಿಕ್ಕಿಬೀಳುವ ಸುದ್ದಿ ನೀವು ಓದಿಯೇ ಇರುತ್ತೀರಿ.

ಆ ಎಣ್ಣೆ ಹೇಗೆ ಮಾಡುತ್ತಾರೆ ಅನ್ನುವ ವಿವರಕ್ಕೆ ನಾನು ಹೋಗುವುದಿಲ್ಲ, ನಿಮಗೆ ಬೇಕಾಗಿಯೂ ಇಲ್ಲ. ತತ್ವ ಓ'ಶಾನೆಸಿಯದ್ದೇ: ರಾಳವನ್ನು ಕರಗಿಸುವ ದ್ರವದಲ್ಲಿ ಗಿಡ ಹಾಕು, ದ್ರವ ಹಾರಿಹೋಗಲಿ, ರಾಳ ಉಳಿಯುತ್ತೆ. ವ್ಯತ್ಯಾಸ ಏನೆಂದರೆ ಆ ದ್ರವ, ಅನಿಲಗಳು ಕಿಡಿ ತಾಗಿದರೆ ಹೊತ್ತಿ ಉರಿಯುವಂಥವು. ಅಮೆರಿಕದಲ್ಲಿ ಕೆಲವು ರಾಜ್ಯಗಳು ಗಾಂಜಾ ಕಾನೂನುಬದ್ಧ ಮಾಡಿದ ಮೇಲೆ ಮನೆಯಲ್ಲೇ ಸಾರ ತೆಗೆಯಲು ಹೋಗಿ ಅಡುಗೆಮನೆ ಸಿಡಿದ, ಗ್ಯಾರೇಜು ಹಾರಿಹೋದ ಘಟನೆಗಳು ಒಂದೆರಡಲ್ಲ. ಕೊಲರಾಡೊದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಸುಟ್ಟಗಾಯದ ವಾರ್ಡುಗಳ ವೈದ್ಯರು ಇದರ ಬಗ್ಗೆ ಲೇಖನವನ್ನೇ ಬರೆದರು. ಅಲ್ಲಿ ಕಾರ್ಖಾನೆಯಲ್ಲಿ, ಪರವಾನಗಿ ಪಡೆದು, ಪರೀಕ್ಷೆ ಮಾಡಿಸಿ ತಯಾರಿಸುವವರೂ ಇದ್ದಾರೆ. ಪೊಟ್ಟಣದ ಮೇಲೆ ಟಿಎಚ್‌ಸಿ ಶೇಕಡಾ ಎಷ್ಟು ಅಂತ ಬರೆದಿರಬೇಕು. ಬರೆದಿರುವುದು 60, 70, ಕೆಲವೊಮ್ಮೆ 90. ಹೋಲಿಕೆಗೆ ಹೇಳುತ್ತೇನೆ: 1990ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಪೊಲೀಸರಿಗೆ ಸಿಗುತ್ತಿದ್ದ ಗಾಂಜಾದಲ್ಲಿ ಸರಾಸರಿ ಶೇಕಡಾ 4ರಷ್ಟು ಇರುತ್ತಿತ್ತು.

ಇದರಿಂದ ತಲೆಗೆ ಏನಾಗುತ್ತೆ? 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಮಾರ್ಟಾ ಡಿ ಫೋರ್ಟಿ ಮತ್ತು ಸಂಗಡಿಗರ ಅಧ್ಯಯನ ಬಂತು. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆಸಿದ್ದು. ಟಿಎಚ್‌ಸಿ ಶೇಕಡಾ 10 ಮತ್ತು ಅದಕ್ಕಿಂತ ಹೆಚ್ಚಿರುವ ಗಾಂಜಾವನ್ನು ಪ್ರತಿದಿನ ಬಳಸುವವರಲ್ಲಿ ಮನೋವಿಕಾರದ ಸಾಧ್ಯತೆ ಎಂದೂ ಬಳಸದವರಿಗಿಂತ ಹೆಚ್ಚುಕಡಿಮೆ ಐದು ಪಟ್ಟು ಎಂದಿತು. ಅವರು ಕೇಳಿದ ಪ್ರಶ್ನೆ ನೋಡಿ. ಸೇದುತ್ತಾನಾ ಇಲ್ಲವಾ ಅಂತಷ್ಟೇ ಅಲ್ಲ. ಎಷ್ಟು ಸಲ, ಎಷ್ಟು ತೀಕ್ಷ್ಣವಾದದ್ದು? ಅವರು 'ತೀಕ್ಷ್ಣ' ಅಂತ ಹಾಕಿಕೊಂಡ ಗೆರೆ 10. ಡಬ್ಬಿಯ ಎಣ್ಣೆ ಅದರ ಆರೇಳು ಪಟ್ಟು.

ಈಗ ನಮ್ಮ ಮನೆಗಳಿಗೆ ಬನ್ನಿ. ಕಾಲೇಜು ಹುಡುಗರ ಭಾಷೆಯಲ್ಲಿ ಗಾಂಜಾಕ್ಕೆ 'ಸೊಪ್ಪು' ಅಂತ ಹೆಸರು. ಪೆನ್ನಿನ ಹಾಗಿರುವ ವೇಪ್‌ನಲ್ಲಿ ಎಣ್ಣೆ ಹಾಕಿಕೊಂಡವನೂ 'ಸೊಪ್ಪೇ ಮಚ್ಚಾ' ಅನ್ನುತ್ತಾನೆ. ಹೊಗೆ ಕಡಿಮೆ, ವಾಸನೆ ಕಡಿಮೆ, ಅಪ್ಪ ಅಮ್ಮನಿಗೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಗೊತ್ತಾದರೂ ಅಜ್ಜನಿಗೆ ನೆನಪಾಗುವುದು ಜಾತ್ರೆಯಲ್ಲಿ ಚಿಲುಮೆ ಸೇದುತ್ತಿದ್ದ ಸಾಧು. 'ನಮ್ಮ ಕಾಲದಲ್ಲೂ ಇತ್ತು ಬಿಡೋ' ಅನ್ನುತ್ತಾನೆ ಅಜ್ಜ. ಇರಲಿಲ್ಲ ಅಜ್ಜ! ನಿಮ್ಮ ಕಾಲದಲ್ಲಿ ಇದ್ದದ್ದು ಇದಲ್ಲ. ಯಾದಗಿರಿಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರು ಗಾಂಜಾವನ್ನು ಪ್ರಸಾದವಾಗಿ ಸ್ವೀಕರಿಸುತ್ತಾರೆಂದು 2020ರಲ್ಲಿ ರಾಷ್ಟ್ರೀಯ ಪತ್ರಿಕೆಗಳು ಬರೆದವು. ಆರೂಢರ, ಅವಧೂತರ ಆ ಪರಂಪರೆಯನ್ನು ಒಪ್ಪಬಹುದು, ಬಿಡಬಹುದು. ಆದರೆ ವರ್ಷಕ್ಕೊಮ್ಮೆ ಗದ್ದುಗೆಯ ಮುಂದೆ ಒಂದು ಚಿಟಿಕೆ ತೆಗೆದುಕೊಂಡವನನ್ನು ತೋರಿಸಿ ದಿನಕ್ಕೆ ಹತ್ತು ಸಲ ವೇಪ್ ಎಳೆಯುವವನು ತನಗೆ ಸರ್ಟಿಫಿಕೇಟ್ ತೆಗೆದುಕೊಳ್ಳುವಂತಿಲ್ಲ.

2020ರ ಡಿಸೆಂಬರ್ 2ರಂದು ವಿಶ್ವಸಂಸ್ಥೆಯ ಮಾದಕವಸ್ತು ಆಯೋಗದಲ್ಲಿ ಮತದಾನ ನಡೆಯಿತು. ಗಾಂಜಾ ಮತ್ತು ಅದರ ರಾಳವನ್ನು ಅತಿ ಅಪಾಯಕಾರಿಗಳ ನಾಲ್ಕನೇ ಪಟ್ಟಿಯಿಂದ ತೆಗೆಯಬೇಕೇ? 27 ಪರ, 25 ವಿರೋಧ. ಪರವಾಗಿ ಕೈ ಎತ್ತಿದವರಲ್ಲಿ ಭಾರತವೂ ಇತ್ತು. ಅದೇ ದಿನ ಗಾಂಜಾ ಸಾರ ಮತ್ತು ಟಿಂಕ್ಚರುಗಳನ್ನು ಮೊದಲ ಪಟ್ಟಿಯಿಂದ ಬಿಡುವ ಪ್ರಸ್ತಾಪವೂ ಬಂತು, ಅದಕ್ಕೆ ಒಪ್ಪಿಗೆ ಸಿಗಲಿಲ್ಲ. ಅದೇ ವರ್ಷ ಇಲ್ಲಿ ಟಿವಿಗಳಲ್ಲಿ ತಿಂಗಳುಗಟ್ಟಲೆ 'ಡ್ರಗ್ಸ್ ಡ್ರಗ್ಸ್' ಅಂತ ಕೂಗಾಟ. ವಿಯೆನ್ನಾದಲ್ಲಿ ನಮ್ಮ ದೇಶ ಯಾವುದಕ್ಕೆ ಮತ ಹಾಕಿತು ಅಂತ ಎಷ್ಟು ಜನ ಕೇಳಿಸಿಕೊಂಡರು?

ಇನ್ನೊಂದು ಪ್ರಕರಣ ನಮ್ಮ ಹೈಕೋರ್ಟಿನದೇ. 2022. ಬೆಂಗಳೂರಿನಲ್ಲಿ ಬಿಹಾರ ಮೂಲದ ಒಬ್ಬನನ್ನು ಪೊಲೀಸರು ಹಿಡಿದರು. ಅವನ ಬಳಿ 29 ಕಿಲೋ ಭಂಗಿ, 400 ಗ್ರಾಂ ಗಾಂಜಾ. 29 ಕಿಲೋ ಅಂದರೆ ಗಾಂಜಾದ ಲೆಕ್ಕದಲ್ಲಿ ವಾಣಿಜ್ಯ ಪ್ರಮಾಣ, 10 ವರ್ಷದ ಮಾತು. ಜಾಮೀನು ಅರ್ಜಿ ನ್ಯಾಯಮೂರ್ತಿ ಕೆ. ನಟರಾಜನ್ ಅವರ ಮುಂದೆ ಬಂತು. ಅವರು ಕಾಯ್ದೆಯ ವ್ಯಾಖ್ಯೆ ತೆರೆದು ಓದಿದರು. ಹೂವಿನ ತುದಿ ಇಲ್ಲದ ಎಲೆ, ಬೀಜ ಗಾಂಜಾದ ವ್ಯಾಖ್ಯೆಗೆ ಬರುವುದಿಲ್ಲ. ಈ ಭಂಗಿಯನ್ನು ಗಾಂಜಾದಿಂದಲೋ ಚರಸಿನಿಂದಲೋ ತಯಾರಿಸಲಾಗಿದೆ ಎಂದು ತೋರಿಸುವ ವೈಜ್ಞಾನಿಕ ಪುರಾವೆಯೂ ಕೋರ್ಟಿನ ಮುಂದೆ ಇರಲಿಲ್ಲ. ಉಳಿದ 400 ಗ್ರಾಂ ಗಾಂಜಾ ಸಣ್ಣ ಪ್ರಮಾಣದೊಳಗೇ ಬರುತ್ತಿತ್ತು. ಜಾಮೀನು ಸಿಕ್ಕಿತು.

ಆ 29 ಕಿಲೋ ಜಾಗದಲ್ಲಿ 90 ಗ್ರಾಂ ಎಣ್ಣೆ ಇದ್ದ ಡಬ್ಬಿ ಇಟ್ಟು ನೋಡಿ. ಕಾಯ್ದೆಯ ಪ್ರಕಾರ ಅದೂ ಸಣ್ಣ ಪ್ರಮಾಣವೇ. ಗರಿಷ್ಠ ಒಂದು ವರ್ಷ, ಅಥವಾ 10 ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದರಲ್ಲಿ ಟಿಎಚ್‌ಸಿ ಶೇಕಡಾ 10 ಇದೆಯೋ 80 ಇದೆಯೋ ಅಂತ ತುಂಬಲು ಪಂಚನಾಮೆಯ ಫಾರಂನಲ್ಲಿ ಕಾಲಂ ಇಲ್ಲ.